ಜಗುಲಿಯ ಕುಂಡಗಳಿಗೆ ಕಾವಲು

ಕಾದ ಮಣ್ಣಿನ ಕುಂಡಕ್ಕೆ ನೀರು ಬಿದ್ದಾಗ ಏಳುವ ವಾಸನೆ ಬೇರೆಯೇ. ಬೆಳಗಿನ ಹೊತ್ತು ಗಿಡಕ್ಕೆ ನೀರು ಹಾಕಿದರೆ ತಣ್ಣನೆಯ ಹಸಿ ವಾಸನೆ ಬರುತ್ತದೆ. ಸಂಜೆ ಹಾಕಿದರೆ ಅದರಲ್ಲಿ ಬೀದಿಯ ಧೂಳು ಸೇರಿರುತ್ತದೆ. ಉರಿಬಿಸಿಲಿನಲ್ಲಿ ನಿಂತ ಕುಂಡ ಮಾತ್ರ ನೀರು ಕುಡಿಯುವಾಗ ಸಣ್ಣಗೆ ಚುಂಯ್ ಎನ್ನುತ್ತದೆ, ರೊಟ್ಟಿಯ ಹಂಚಿಗೆ ನೀರು ಚಿಮುಕಿಸಿದಂಥ ಘಾಟು ಮೂಗಿಗೆ ಬಡಿಯುತ್ತದೆ. ಈ ಬೇಸಿಗೆಯಲ್ಲಿ, ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ನರ್ಸರಿಯಲ್ಲಿ ನಿಂತಿದ್ದಾಗ ಆ ವಾಸನೆ ಬಂತು. ನಮ್ಮ ಹೊಸ ಮನೆಯ ಜಗುಲಿಗೆ ಒಂದಿಷ್ಟು ಹೂವಿನ ಗಿಡ ಆರಿಸಲು ಹೋಗಿದ್ದೆ. ಹಸಿರು ಬಲೆಯ ಹೊರಗೆ ಉಳಿದಿದ್ದ ಕುಂಡಗಳಿಗೆ ನರ್ಸರಿಯವರು ಪೈಪಿನಿಂದ ನೀರು ಬಿಡುತ್ತಿದ್ದರು. ನಾನು ಕೈಯಲ್ಲಿದ್ದ ಗಿಡವನ್ನು ಕೆಳಗಿಟ್ಟು ನಿಂತುಬಿಟ್ಟೆ. "ಅದು ಅರ್ಧ ನೆರಳಿಗೆ ಹೇಳಿ ಮಾಡಿಸಿದ ಗಿಡ ರೀ ಮೇಡಂ, ಕಣ್ಣು ಮುಚ್ಚಿ ತಗೊಂಡು ಹೋಗ್ರಿ," ಎಂದರು ಅವರು. ಯಾವ ಅರ್ಧ, ಬೆಳಗಿನದೋ ಮಧ್ಯಾಹ್ನದ್ದೋ ಎಂದು ಕೇಳಿದೆ. "ನೆರಳು ಅಂದ್ರೆ ನೆರಳು ರೀ. ಅದರಾಗೂ ಎರಡು ನಮೂನಿ ಇರ್ತಾವೇನ್ರಿ?" ಎಂದು ನಕ್ಕರು. ಒಳ್ಳೆಯವರೇ ಇರಬೇಕು. ಆದರೂ ನಾನು ಏನನ್ನೂ ಕೊಳ್ಳದೆ ಮನೆಗೆ ಬಂದೆ. ನೆರಳನ್ನು ನಂಬಿ ಕೆಟ್ಟ ಮನೆಯಲ್ಲಿ ಬೆಳೆದವಳು ನಾನು.

ಆ ಮನೆ ಶಿಕಾರಿಪುರದ ಹಳೆಯ ಪೇಟೆ ಬೀದಿಯಲ್ಲಿತ್ತು. ದೊಡ್ಡಪ್ಪನವರದು ಬಟ್ಟೆ ಅಂಗಡಿ. ನನ್ನ ಅಪ್ಪ ಅವ್ವ ಕುಪ್ಪಗಡ್ಡೆಯಲ್ಲಿ ಗದ್ದೆ ನೋಡಿಕೊಂಡಿದ್ದರು. ನಾನು ಓದಲೆಂದು ದೊಡ್ಡಪ್ಪನವರ ಮನೆಯಲ್ಲಿದ್ದೆ. ಮನೆಯ ಮುಖ ಪೂರ್ವಕ್ಕೆ. ಬಾಗಿಲಿನ ಎರಡೂ ಕಡೆಗೆ ಕೆಂಪು ಗಾರೆಯ ಜಗುಲಿ, ಅದರ ಮೇಲೆ ಹೆಂಚಿನ ಇಳಿಜಾರು, ಅಂಚಿನಲ್ಲಿ ಮರದ ಕಂಬಗಳು. ಎಳೆಬಿಸಿಲು ನೇರ ಒಳಗೆ ಬಂದು ಗೋಡೆಯನ್ನು ಮುಟ್ಟಿ, ಹೊತ್ತೇರಿದಂತೆ ಹಿಂದೆ ಸರಿದು ಕಂಬದ ಬುಡಕ್ಕೆ ಬಂದು, ದೊಡ್ಡಪ್ಪ ಅಂಗಡಿಗೆ ಹೊರಡುವಾಗ ಅವರ ಜೊತೆಯಲ್ಲೇ ಮೆಟ್ಟಿಲಿಳಿದು ಬೀದಿಗೆ ಹೋಗುತ್ತಿತ್ತು. ಆಮೇಲೆ ದಿನವಿಡೀ ನೆರಳು. ದೊಡ್ಡವ್ವ ಕುಂಡಗಳನ್ನು ಇಟ್ಟಿದ್ದು ಈ ಲೆಕ್ಕದ ಮೇಲೆ. ಮೆಟ್ಟಿಲ ಅಂಚಿಗೆ ನಿತ್ಯಪುಷ್ಪ ಮತ್ತು ಹತ್ತು ಗಂಟೆ ಹೂವು, ಬಿಸಿಲಿಗೆ ಹೆದರದವು. ಕಂಬದ ಮರೆಗೆ ಕನಕಾಂಬರ. ಒಳಗೆ, ಗೋಡೆಗೆ ಒರಗಿಸಿದಂತೆ, ಚುಕ್ಕಿ ಬಿಗೋನಿಯ. ಹಸಿರು ಎಲೆಯ ಮೇಲೆ ಸುಣ್ಣ ಚಿಮುಕಿಸಿದಂಥ ಬಿಳಿ ಚುಕ್ಕಿಗಳು, ಎಲೆಯ ಬೆನ್ನು ಮಾತ್ರ ಹಳೆಯ ರೇಷ್ಮೆಯ ಕೆಂಪು, ತುದಿಯಲ್ಲಿ ಜೋತುಬಿದ್ದ ಗುಲಾಬಿ ಗೊಂಚಲು. ಅಂಥದು ಬೀದಿಯಲ್ಲಿ ಇನ್ನೊಬ್ಬರ ಮನೆಯಲ್ಲಿರಲಿಲ್ಲ. ಚಂದ್ರಗುತ್ತಿಗೆ ಹರಕೆ ತೀರಿಸಲು ಹೋದಾಗ, ಊಟಕ್ಕೆ ಕರೆದ ನೆಂಟರ ಹಿತ್ತಲಿನಿಂದ ಅದರ ಒಂದು ಕಡ್ಡಿಯನ್ನು ದೊಡ್ಡವ್ವ ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು.

ಇದನ್ನು ಕಳ್ಳತನ ಎನ್ನುವಂತಿಲ್ಲ. ನಮ್ಮ ಕಡೆ ಹೂವಿನ ಗಿಡದ ಕಡ್ಡಿಯನ್ನು ಕೇಳಿ ತರುವುದಿಲ್ಲ, ಕರೆದು ಕೊಡುವುದೂ ಇಲ್ಲ. ಕೇಳಿ ತಂದದ್ದು ಬೇರು ಬಿಡುವುದಿಲ್ಲ, ಹೇಳದೆ ಮುರಿದುಕೊಂಡು ಬಂದದ್ದೇ ಚಿಗುರುತ್ತದೆ ಎಂದು ನಂಬುತ್ತಾರೆ. ಹಾಗಾಗಿ ಬಂದವರು ಗಿಡವನ್ನೊಮ್ಮೆ ಹೊಗಳಿ ಸುಮ್ಮನಾಗುತ್ತಾರೆ. ಮನೆಯವರು ಅರ್ಥ ಮಾಡಿಕೊಂಡು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಾರೆ, ಸ್ವಲ್ಪ ತಡವಾಗಿ ಹೊರಗೆ ಬರುತ್ತಾರೆ. ನಡುವೆ ಏನು ನಡೆಯಿತೆಂದು ಯಾರೂ ಮಾತೆತ್ತುವುದಿಲ್ಲ. ದೊಡ್ಡವ್ವ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತನ್ನ ಸೆರಗಿನೊಳಗೆ ಏನು ಬಂದಿತ್ತೆಂದು ಅವಳಿಗೆ ಗೊತ್ತಿತ್ತಲ್ಲ, ಬೇರೆಯವರ ಸೆರಗನ್ನು ಅವಳು ನಂಬಲಾರಳು. ಏಳಲೇಬೇಕಾಗಿ ಬಂದರೆ ನನ್ನನ್ನು ಕರೆದು ಮೆಟ್ಟಿಲ ಮೇಲೆ ಕೂರಿಸುತ್ತಿದ್ದಳು. "ಇಲ್ಲೇ ಕೂತು ಓದ್ಕ, ಶೈಲಾ. ಮುಖ ನೋಡಬ್ಯಾಡ, ಕೈ ನೋಡು," ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಹೀಗೆ ಊರಿನ ಎಷ್ಟೋ ಹೆಂಗಸರ ಮುಖ ನನಗೆ ಮರೆತುಹೋಗಿದೆ, ಕೈ ನೆನಪಿದೆ. ಅಡಿಕೆ ಕತ್ತರಿಸಿ ಕಪ್ಪಾದ ಹೆಬ್ಬೆರಳು, ಬಿಗಿಯಾದ ಹಸಿರು ಬಳೆ, ಬಿಚ್ಚಲಾಗದೆ ಬೆರಳಿನೊಳಗೇ ಹೂತುಹೋದ ಉಂಗುರ. ಪಕ್ಕದ ಮನೆಯ ಸರೋಜಕ್ಕ ಒಂದು ದಿನ ಎರಡೂ ಕೈಯನ್ನು ನನ್ನ ಪುಸ್ತಕದ ಮೇಲೆ ಚಾಚಿ, "ತಗಳೇ ಪೊಲೀಸಮ್ಮ, ಚೆನ್ನಾಗಿ ನೋಡ್ಕ. ಆಮೇಲೆ ಒಂದು ಸಲ ಮುಖಾನೂ ನೋಡು, ಮೂಗುಬಟ್ಟು ಹೊಸದು," ಎಂದಳು. ದೊಡ್ಡವ್ವ ಒಳಗಿನಿಂದಲೇ, "ಮೂಗುಬಟ್ಟು ನೋಡ್ತಾ ಕೂತ್ರೆ ಗಿಡ ಉಳಿಬೇಕಲ್ಲ ಸರೋಜಾ," ಎಂದಳು. ಇಬ್ಬರೂ ನಕ್ಕರು. ಆದರೆ ದೊಡ್ಡವ್ವ ನಗುತ್ತಲೇ ಹೊರಗೆ ಬಂದು ಬಿಗೋನಿಯದ ತುದಿಗಳನ್ನು ಕಣ್ಣಿನಲ್ಲೇ ಎಣಿಸಿದ್ದನ್ನು ನಾನು ಕಂಡೆ.

ನೀಲತ್ತೆ ಬಂದದ್ದು ನಾನು ಆರನೇ ತರಗತಿಯಲ್ಲಿದ್ದಾಗ. ಅವಳು ಅಪ್ಪ, ದೊಡ್ಡಪ್ಪ ಇಬ್ಬರಿಗೂ ತಂಗಿ. ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳಿಗೆ ಮೈದುನನ ಸಂಸಾರದ ನಡುವೆ ಒಂದು ಮೂಲೆ ಉಳಿದಿತ್ತು. ಅಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲವಂತೆ. ಏನೂ ಅನ್ನದೆ ತಟ್ಟೆ ಇಡುತ್ತಿದ್ದರಂತೆ. ದೊಡ್ಡಪ್ಪ ಹೋಗಿ ಕರೆದುಕೊಂಡು ಬಂದರು. ಹುಟ್ಟಿದ ಮನೆ, ಇನ್ನು ಇಲ್ಲೇ ಇರಲಿ ಎಂದರು. ದೊಡ್ಡವ್ವ ಇರಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಜಗುಲಿಯ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ಮಾತ್ರ ನೀಲತ್ತೆ ತಾನಾಗಿ ಎತ್ತಿಕೊಂಡಳು. ಯಾವ ಕುಂಡವನ್ನಾದರೂ ಜಾಗ ಬದಲಿಸುವ ಮೊದಲು ಅವಳು ಆ ಜಾಗದಲ್ಲಿ ತಾನು ಹೋಗಿ ಕೂರುತ್ತಿದ್ದಳು, ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು. "ನೀನೇನು ಕುಂಡನೇನೇ?" ಎಂದು ದೊಡ್ಡವ್ವ ಕೇಳಿದರೆ, "ಕುಂಡಕ್ಕೆ ಎದ್ದು ಹೋಗಲಿಕ್ಕೆ ಬರ್ತದಾ ಅತ್ತಿಗೆ, ಅದಕ್ಕೇ ಅದರ ಬದಲು ನಾನು ಕೂತು ನೋಡ್ತೀನಿ," ಎನ್ನುತ್ತಿದ್ದಳು. ಅವಳ ಆ ಸೊರಬದ ಮಾತನ್ನು ದೊಡ್ಡವ್ವ ಅಡುಗೆಮನೆಯಲ್ಲಿ ಅಣಕಿಸುತ್ತಿದ್ದಳು. ಬಂದು ಹೋಗುವವರು ಗಿಡಗಳು ಈಗ ಕಳೆಗಟ್ಟಿವೆ ಎಂದರು. ಸರೋಜಕ್ಕ, ಅವಳಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ, "ಮನೆ ಮಗಳು ಬಂದಳಲ್ಲ, ಜಗುಲಿಗೆ ಗೊತ್ತಾಗೈತಿ," ಎಂದಳು. ಸೊಸೆಯಾಗಿ ಬಂದು ಆ ಜಗುಲಿಯನ್ನು ತನ್ನದು ಮಾಡಿಕೊಂಡಿದ್ದ ದೊಡ್ಡವ್ವನ ಮುಖ ಆಗ ಹೇಗಿತ್ತೋ ನನಗೆ ತಿಳಿಯದು. ಕೈ ಮಾತ್ರ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಬಿಗೋನಿಯ ಸುಡತೊಡಗಿತು. ಮೊದಲು ಬೀದಿಯ ಕಡೆಗೆ ಮುಖ ಮಾಡಿದ ಎಲೆಗಳ ಅಂಚು ಕಂದಾಗಿ, ಹಪ್ಪಳದಂತೆ ಮುರಿಯುವ ಹಾಗಾಯಿತು. ಆಮೇಲೆ ಚುಕ್ಕಿಗಳ ನಡುವೆ ತೇಪೆ ಹಾಕಿದಂತೆ ಬಿಳಿಚಿಕೊಂಡಿತು. ಹುಳುವಿಲ್ಲ, ಬೂಷ್ಟಿಲ್ಲ. ಬಿಸಿ ಏನೋ ತಾಗಿದ ಹಾಗಿತ್ತು, ಅಷ್ಟು ಸ್ಪಷ್ಟ. ಎಳೆಬಿಸಿಲು ಬಿಟ್ಟರೆ ಬಿಸಿಲೇ ಬಾರದ ಗೋಡೆಯ ಬುಡದಲ್ಲಿ ಬಿಸಿ ಎಲ್ಲಿಂದ ಬರಬೇಕು? ದೊಡ್ಡವ್ವನಿಗೆ ಉತ್ತರ ಬೇಗ ಹೊಳೆಯಿತು. ಅನ್ನ ಬಸಿದ ಕುದಿಯುವ ಗಂಜಿ. ಅಡುಗೆಮನೆಯಿಂದ ಗಂಜಿ ಹೊರಗೆ ಹೋಗುವುದು ಯಾರ ಕೈಯಲ್ಲಿ ಎಂದು ಅವಳು ನೋಡುತ್ತಾ ಕೂತಳು. ಅದು ದಿನವೂ ಹಿತ್ತಲಿನ ಎಮ್ಮೆಯ ಬಾನಿಗೇ ಹೋಗುತ್ತಿತ್ತು. ಹಾಗಾದರೆ ತಾನು ಮಲಗಿದಾಗ ಇರಬೇಕು ಎಂದುಕೊಂಡಳು. ನಮ್ಮ ಬೀದಿಯಲ್ಲಿ ಊಟವಾದ ಮೇಲೆ ಎಲ್ಲರೂ ಬಾಗಿಲು ಮುಂದೆ ಮಾಡಿ ಮಲಗುತ್ತಿದ್ದರು. ಅಂಗಡಿಗಳೂ ಮುಚ್ಚಿ, ನಾಲ್ಕರ ಮೇಲೆ ತೆರೆಯುತ್ತಿದ್ದವು. ನಮ್ಮ ಎದುರಿಗಿದ್ದ ಗೊಬ್ಬರದ ಅಂಗಡಿಯವರು ಆ ವರ್ಷವೇ ಹಳೆಯ ಹಲಗೆ ಬಾಗಿಲು ತೆಗೆಸಿ, ಬೆಳ್ಳಿ ಬಣ್ಣದ ಹೊಸ ಶಟರ್ ಹಾಕಿಸಿದ್ದರು. ಅದು ಕೆಳಗಿಳಿಯುವ ಗರಗರ ಸದ್ದು ಬೀದಿಗೆಲ್ಲ ಮಲಗುವ ಗಂಟೆಯಂತಿತ್ತು.

ಆ ದಿನಗಳಲ್ಲೇ ನನಗೆ ನಿದ್ದೆಯಲ್ಲಿ ಕುಂಡದ ವಾಸನೆ ಬರತೊಡಗಿದ್ದು. ಕಾದ ಮಣ್ಣಿಗೆ ನೀರು ಬಿದ್ದ ಘಾಟು, ಕಿಟಕಿಯ ಸರಳಿನ ನಡುವಿನಿಂದ. ಒಂದು ಮಧ್ಯಾಹ್ನ ಎದ್ದು ಕಿಟಕಿಗೆ ಹೋದೆ. ಒಳಗಿನ ಕತ್ತಲೆಯಿಂದ ನೋಡುವಾಗ ಹೊರಗೆಲ್ಲ ಒಂದೇ ಬೆಳಕು. ನೀಲತ್ತೆ ಬಿಗೋನಿಯದ ಮುಂದೆ ಕೂತಿದ್ದಳು. ಬೆನ್ನು ಬೀದಿಗೆ, ಮುಖ ಗೋಡೆಗೆ, ತಲೆಯ ಮೇಲೆ ಸೆರಗು. ಒಂದು ಕೈ ಕುಂಡದ ಅಂಚಿನ ಮೇಲೆ, ಇನ್ನೊಂದರಲ್ಲಿ ಚೆಂಬು. ಚೆಂಬು ಬಾಗಿತ್ತು. ನಾನು ಕಂಡದ್ದು ಇಷ್ಟು. ತಿರುಗಿದರೆ ನನ್ನ ಹಿಂದೆ ದೊಡ್ಡವ್ವ ನಿಂತಿದ್ದಳು. ಅವಳು ಕಂಡದ್ದೂ ಅಷ್ಟೇ. ಆದರೆ ಹೊರಗೆ ಹೋಗಲಿಲ್ಲ. ಹೋಗಿ ಚಾಪೆಯ ಮೇಲೆ ಕಣ್ಣು ತೆರೆದುಕೊಂಡು ಮಲಗಿದಳು.

ಕೇಳಿದ್ದು ಸಂಜೆ, ದೊಡ್ಡಪ್ಪನವರಿಗೆ ಕಾಫಿ ಕೊಟ್ಟಾದ ಮೇಲೆ. "ಎಲ್ಲಾರೂ ಮಲಗಿದ ಹೊತ್ತಿನಾಗೆ ಬುಡಕ್ಕೆ ಏನು ಹಾಕ್ತಿದ್ದಿ, ನೀಲಾ?" ನೀಲತ್ತೆ ನೀರು ಎಂದಳು, ಎಲೆ ಬಾಡಿತ್ತು ಎಂದಳು. ದೊಡ್ಡವ್ವ, "ಉರಿಯೋ ಹೊತ್ತಿನಾಗೆ ನೀರು ಹಾಕೋರು ಯಾವ ಊರಾಗಿದ್ದಾರೆ? ಹೊಸಬಾಳ್ಯಾಗೋ?" ಎಂದಳು. ನೀಲತ್ತೆ, "ಝಳ ಎದುರಿಂದ ಬರ್ತದೆ ಅತ್ತಿಗೆ. ಬೆನ್ನಿಗೆ ಹೊಡೀತದೆ. ಒಂದು ಗೋಣಿತಾಟು ಕಟ್ಟಿದರೆ ಗಿಡ ಉಳೀತದೆ," ಎಂದಳು. ದೊಡ್ಡವ್ವ ಅಲ್ಲಿಂದಲೇ ಎದ್ದು ಜಗುಲಿಗೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಎದುರಿನ ಶಟರ್ ಮೇಲೇರಿತ್ತು. ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದರು. ಬೀದಿಗೆ ಸಂಜೆಯ ನೆರಳು ಬಿದ್ದು, ಸಣ್ಣ ಗಾಳಿ ತೀಡುತ್ತಿತ್ತು. ದೊಡ್ಡವ್ವ ಬಿಗೋನಿಯದ ಪಕ್ಕದಲ್ಲಿ ನಿಂತು ಎರಡೂ ಅಂಗೈಯನ್ನು ಗಾಳಿಗೆ ಚಾಚಿ ತೋರಿಸಿದಳು. "ಎಲ್ಲೈತಿ ಝಳ?" ಈಗಲ್ಲ, ಮಧ್ಯಾಹ್ನ ಬಂದು ಕೂತು ನೋಡಿ ಎಂದಳು ನೀಲತ್ತೆ. "ನಿನ್ನ ಅಪ್ಪ ಸೂರ್ಯನ್ನ ನೋಡೇ ಕಟ್ಟಿಸಿದ ಜಗುಲಿ ಇದು. ಮಧ್ಯಾಹ್ನದ ನೆರಳು ಹೆಂಗಿರ್ತೈತಿ ಅಂತ ಇಷ್ಟು ವರ್ಷ ಆದ್ಮೇಲೆ ನಿನ್ ಹತ್ರ ಕಲೀಬೇಕೇನು ನಾನು?" ಎಂದಳು ದೊಡ್ಡವ್ವ. ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಅವರೂ ಒಮ್ಮೆ ಕೈ ಚಾಚಿ ನೋಡಿದರು. ತಂಪಾಗಿತ್ತು. ಅವರ ಕೈ ಮೆಲ್ಲಗೆ ಕೆಳಗಿಳಿದದ್ದು ನನಗೆ ಇವತ್ತಿಗೂ ಕಾಣುತ್ತದೆ.

ಹೋಗು ಎಂದು ಯಾರೂ ಹೇಳಲಿಲ್ಲ. ದೊಡ್ಡಪ್ಪ ಒಂದು ಬೆಳಿಗ್ಗೆ ಊಟದ ತಟ್ಟೆ ನೋಡುತ್ತಾ, "ನಾಲ್ಕು ದಿನ ಹೊಸಬಾಳೆಗೆ ಹೋಗಿ ಬಾರವ್ವ, ನೀಲಾ. ಇಬ್ರಿಗೂ ಮನಸ್ಸು ತಿಳಿಯಾಗ್ತೈತಿ," ಎಂದರು. ನೀಲತ್ತೆ ತಂದಿದ್ದ ಟ್ರಂಕನ್ನೇ ಪೂರ್ತಿ ತುಂಬಿಕೊಂಡಳು. ನಾಲ್ಕು ದಿನಕ್ಕೆ ಅಷ್ಟು ಬೇಕಿಲ್ಲ ಎಂದು ಯಾರೂ ಅನ್ನಲಿಲ್ಲ. ಹೊರಡುವಾಗ ಜಗುಲಿಯಲ್ಲಿ ಒಂದು ಗಳಿಗೆ ನಿಂತಳು. ನಾನು ಮೆಟ್ಟಿಲ ಮೇಲಿದ್ದೆ. ಅವಳ ಕೈ ನೋಡಲು ನನಗೆ ಯಾರೂ ಹೇಳಿರಲಿಲ್ಲ, ಮನೆಯವರ ಕೈ ನೋಡುವುದು ನನ್ನ ಕೆಲಸದಲ್ಲಿ ಸೇರಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ನನ್ನ ಜಡೆಯನ್ನು ಭುಜದ ಮುಂದಕ್ಕೆ ಎಳೆದುಬಿಟ್ಟು ಇಳಿದು ಹೋದಳು.

ಅವಳು ಹೋದ ಮೇಲೂ ಬಿಗೋನಿಯ ಚೇತರಿಸಿಕೊಳ್ಳಲಿಲ್ಲ. ಮಳೆ ಹಿಡಿಯುವ ಮೊದಲೇ ಸತ್ತಿತು. ಹಿಂದಿನಿಂದ ಕನಕಾಂಬರವೂ ಹೋಯಿತು. ಆಗಲಾದರೂ ಅನುಮಾನ ಕರಗಬೇಕಿತ್ತು. ಆದರೆ ಅನುಮಾನಕ್ಕೆ ಮನುಷ್ಯರು ಮುಂದಿರಬೇಕೆಂದೇನಿಲ್ಲ. ಮಣ್ಣಿಗೇ ಏನೋ ಬೆರೆಸಿ ಹೋಗಿದ್ದಾಳೆ ಎಂದಳು ದೊಡ್ಡವ್ವ. ಮಣ್ಣು ಬದಲಿಸಿದಳು, ಹೊಸ ಗಿಡ ನೆಟ್ಟಳು, ಅವೂ ಸುಟ್ಟವು. ಆಮೇಲೆ ಕುಂಡಗಳನ್ನೇ ದೂರಿದಳು, ಅವನ್ನೂ ಬದಲಿಸಿದಳು. ಕೊನೆಗೆ ಜಗುಲಿಯಲ್ಲಿ ಉಳಿದದ್ದು ಹತ್ತು ಗಂಟೆ ಹೂವು ಮತ್ತು ನಿತ್ಯಪುಷ್ಪ. ಒಳಗಿನ ಗೋಡೆಯ ಬುಡದಲ್ಲಿ ಒಂದು ಖಾಲಿ ಕುಂಡವನ್ನು ಅವಳು ತೆಗೆಯದೆ ಹಾಗೇ ಬಿಟ್ಟಿದ್ದಳು. ನೀಲತ್ತೆಯ ನಾಲ್ಕು ದಿನ ಮುಗಿಯಲೇ ಇಲ್ಲ. ದೊಡ್ಡಪ್ಪ ತೀರಿಕೊಂಡಾಗ ಬಂದಳು, ಮೂಲೆಯಲ್ಲಿ ಕೂತಿದ್ದಳು, ಅದೇ ಸಂಜೆಯ ಬಸ್ಸಿಗೆ ಹೋದಳು. ಜಗುಲಿಯನ್ನು ದಾಟುವಾಗ ಎರಡು ಸಲವೂ ಸೆರಗು ಎಳೆದುಕೊಂಡು ಬೇಗ ದಾಟಿದಳು.

ಎಷ್ಟೋ ವರ್ಷದ ಮೇಲೆ ದೊಡ್ಡವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಾನು ಅಷ್ಟರಲ್ಲಿ ಮದುವೆಯಾಗಿ ಅದೇ ಊರಿನಲ್ಲಿದ್ದೆ. ಕಣ್ಣಿಗೆ ಔಷಧಿ ಬಿಡಲು ಮಧ್ಯಾಹ್ನ ಹೋಗುತ್ತಿದ್ದೆ. ಒಂದು ದಿನ ಹೋದಾಗ ಅವಳು ಒಳಗಿರಲಿಲ್ಲ. ಕಣ್ಣು ಚುಚ್ಚಿ ನಿದ್ದೆ ಬಾರದೆ, ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಗೆ ಬಂದು ಗೋಡೆಗೆ ಒರಗಿ ಕೂತಿದ್ದಳು. ಎದುರಿನ ಶಟರ್ ಇಳಿದಿತ್ತು. ಹಬ್ಬಕ್ಕೆ ಅದಕ್ಕೆ ಮತ್ತೆ ಬೆಳ್ಳಿ ಬಣ್ಣ ಬಳಿದಿದ್ದರು. ಪಶ್ಚಿಮಕ್ಕೆ ವಾಲಿದ ಸೂರ್ಯ ಪೂರ್ತಿ ಅದರ ಮೇಲೆ ಬಿದ್ದು, ಅಲ್ಲಿಂದ ತಿರುಗಿ, ಕಿರಿದಾದ ಬೀದಿಯನ್ನು ದಾಟಿ ನಮ್ಮ ಗೋಡೆಯ ಬುಡಕ್ಕೆ ಬಂದಿದ್ದ. ನೆರಳಿನೊಳಗೇ ಒಲೆಯ ಬಾಯಿ ತೆರೆದ ಹಾಗಿತ್ತು. ದೊಡ್ಡವ್ವ ಕನ್ನಡಕ ತೆಗೆಯಲಿಲ್ಲ. "ಶೈಲಾ, ಈ ಕುಂಡ ಮುಟ್ಟು," ಎಂದಳು. ಖಾಲಿ ಕುಂಡ ಕೈ ಚುರುಗುಟ್ಟುವಷ್ಟು ಕಾದಿತ್ತು. ಪಕ್ಕದಲ್ಲಿದ್ದ ಕುಡಿಯುವ ನೀರಿನ ಚೆಂಬನ್ನು ಎತ್ತಿ ಅವಳೇ ಅದರ ಮೇಲೆ ಸುರಿದಳು. ಚುಂಯ್ ಎಂದು ಆ ವಾಸನೆ ಎದ್ದಿತು. ಕಿಟಕಿಯಲ್ಲಿ ಕಂಡ ಆ ಬಾಗಿದ ಬೆನ್ನು ನನ್ನ ಕಣ್ಣಿಗೆ ಬಂತು. ಬೀದಿಗೂ ಗಿಡಕ್ಕೂ ನಡುವೆ ನೀಲತ್ತೆ ತಾನೇ ಗೋಣಿತಾಟಾಗಿ ಕೂತಿದ್ದಳೇನೋ. ಇದ್ದಿರಬಹುದು, ನಾನು ಕಂಡದ್ದು ಬೆನ್ನನ್ನು ಮಾತ್ರ.  ಶಟರ್ ಮೇಲೇರಿ, ಬೆಳಕು ಒಮ್ಮೆಲೇ ಆರಿಹೋದ ಮೇಲೆ ದೊಡ್ಡವ್ವ, "ಹೊಸಬಾಳೆಗೆ ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದಳು.

ಹೊಸಬಾಳೆಯ ಮನೆಯ ಜಗುಲಿ ಸಣ್ಣದು, ಮುಂದೆ ಹುಣಸೆಮರ. ನೀಲತ್ತೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಅತ್ತಿಗೆ," ಎಂದಳು, ನಿನ್ನೆ ಬಿಟ್ಟು ಬಂದವಳಂತೆ. ದೊಡ್ಡವ್ವ ಕೂರುವ ಮೊದಲೇ ನಿಂತುಬಿಟ್ಟಳು. ಗೋಡೆಯ ಬುಡದಲ್ಲಿ ಸೊಂಟದೆತ್ತರಕ್ಕೆ ಚುಕ್ಕಿ ಬಿಗೋನಿಯ. ಅದೇ ಸುಣ್ಣದ ಚುಕ್ಕಿ, ಅದೇ ಕೆಂಪು ಬೆನ್ನು, ಜೋತುಬಿದ್ದ ಗೊಂಚಲು. ಹೊರಟ ದಿನ ಜಗುಲಿಯಲ್ಲಿ ನಿಂತ ಆ ಒಂದು ಗಳಿಗೆಯಲ್ಲಿ ನೀಲತ್ತೆಯ ಕೈ ಏನು ಮಾಡಿತ್ತೆಂದು ನನಗೆ ಆಗ ತಿಳಿಯಿತು. ದೊಡ್ಡವ್ವನ ಅನುಮಾನದಲ್ಲಿ ಒಂದು ಕಡ್ಡಿಯಷ್ಟು ನಿಜವಿತ್ತು. "ಇದು ಎಲ್ಲಿದು?" ಎಂದಳು ದೊಡ್ಡವ್ವ. "ಬಂತು, ಎಲ್ಲಿಂದಲೋ," ಎಂದಳು ನೀಲತ್ತೆ. "ಎಲ್ಲೋ ನೋಡಿದ ನೆಂಟರಂಗೆ ಐತಿ." "ಇರಬಹುದು ಅತ್ತಿಗೆ. ನೆಂಟಸ್ತಿಕೆ ಗಿಡಕ್ಕೂ ಇರ್ತದೆ." ಇಬ್ಬರೂ ನಗಲಿಲ್ಲ, ಆದರೆ ಇಬ್ಬರ ದನಿಯಲ್ಲೂ ನಗು ಇತ್ತು.  ದೊಡ್ಡವ್ವ ಬಾಯಿ ತೆರೆದಳು, ಮುಚ್ಚಿದಳು. ಶಟರ್ ವಿಷಯ ಹೇಳಲು ಬಂದಿದ್ದಳೆಂದು ನಾನು ಬಲ್ಲೆ. ನೀಲತ್ತೆ ಅವಳನ್ನೇ ನೋಡಿ, "ದಣಿದು ಬಂದಿದ್ದೀರಿ. ನೀರು ಬೆಲ್ಲ ತರ್ತೀನಿ," ಎಂದು ಒಳಗೆ ಹೋದಳು.

ಬೇಗ ಬರಲಿಲ್ಲ. ಒಳಗೆ ಪಾತ್ರೆ ಇಟ್ಟ ಸದ್ದು, ಮತ್ತೆ ಎತ್ತಿದ ಸದ್ದು. "ಬೆಲ್ಲ ಎಲ್ಲಿಟ್ಟೆನೋ, ಹುಡುಕ್ತಾ ಇದ್ದೀನಿ," ಎಂದು ಕೂಗಿ ಹೇಳಿದಳು. ಬೆಲ್ಲದ ಡಬ್ಬ ಕಿಟಕಿಯ ಕಟ್ಟೆಯ ಮೇಲೆ ನನಗೆ ಕಾಣುತ್ತಿತ್ತು. ನನ್ನ ಎದುರಿಗೆ ದೊಡ್ಡವ್ವನ ಕೈಗಳಿದ್ದವು, ಮಡಿಲಿನಲ್ಲಿ. ಚಿಕ್ಕಂದಿನಿಂದ ಕಲಿತ ಕೆಲಸವನ್ನು ನಾನು ಆ ದಿನ ಮಾಡಲಿಲ್ಲ. ಮುಖ ತಿರುಗಿಸಿ ಹುಣಸೆಮರದ ಕಡೆ ನೋಡುತ್ತಾ ಕೂತೆ. ಹಾಗಾಗಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ನೀರು ತುಂಬಿದ ಎಳೆಯ ಕಾಂಡ ಮುರಿಯುವಾಗ ಆಗುವ ಟಕ್ ಎಂಬ ಸಣ್ಣ ಸದ್ದು ಕೇಳಿಸಿತು, ಅಷ್ಟೆ. ಒಳಗೂ ಕೇಳಿಸಿರಬೇಕು. ಬೆಲ್ಲ ಆಗ ಸಿಕ್ಕಿತು. ಹೊರಡುವಾಗ ನೀಲತ್ತೆ ಗೇಟಿನವರೆಗೆ ಬಂದಳು. ದೊಡ್ಡವ್ವನ ಹೊಟ್ಟೆಯ ಹತ್ತಿರ ಉಬ್ಬಿದ್ದ ಸೆರಗನ್ನು ನೋಡದೆ, ಬೀದಿಯ ಕಡೆ ಕಣ್ಣಿಟ್ಟು, "ಸೆರಗು ಭದ್ರ, ಅತ್ತಿಗೆ. ಬಸ್ಸಿನಲ್ಲಿ ಗಾಳಿ ಜಾಸ್ತಿ," ಎಂದಳು.

ಈಗ ಇಬ್ಬರೂ ಇಲ್ಲ. ರಸ್ತೆ ಅಗಲ ಮಾಡಿದಾಗ ಜಗುಲಿ ಹೋಯಿತು, ಉಳಿದ ಮನೆಯನ್ನು ಮಾರಿದರು. ಆ ಕಡ್ಡಿಯಿಂದ ಬೆಳೆದ ಬಿಗೋನಿಯ ನನ್ನ ಹತ್ತಿರ ಬಂದಿದೆ. ಹೊಸ ಮನೆಯ ಜಗುಲಿಯಲ್ಲಿ ಅದಕ್ಕೊಂದು ಜಾಗ ಹುಡುಕುತ್ತಾ, ಊಟವಾದ ಮೇಲೆ ಎಲ್ಲರೂ ಮಲಗಿದಾಗ, ಒಂದೊಂದು ಮೂಲೆಯಲ್ಲಿ ನಾನೇ ಹೋಗಿ ಕೂತು ನೋಡುತ್ತಿದ್ದೇನೆ. ಎದುರು ಮನೆಯ ಗಾಜು, ನಿಲ್ಲಿಸಿದ ಕಾರು, ಪಕ್ಕದವರ ನೀರಿನ ಟ್ಯಾಂಕು, ಒಂದನ್ನೂ ನಂಬುವುದಿಲ್ಲ. ಗಿಡವನ್ನು ಯಾರಾದರೂ ಹೊಗಳಿ ಸುಮ್ಮನಾದರೆ, ನೀರು ತರುತ್ತೇನೆಂದು ಒಳಗೆ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಡುಗೆಮನೆಯಲ್ಲಿ ನಿಲ್ಲುತ್ತೇನೆ. ಅಷ್ಟನ್ನು ಕಲಿತಿದ್ದೇನೆ. ಆದರೆ ಹೊರಗೆ ಬಂದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಇವತ್ತಿಗೂ ಅವರ ಕೈಗಳ ಮೇಲೆಯೇ.